ಬಳ್ಳಾರಿ ಬಿಸಿಲಲ್ಲಿ ಆರ್ಕಿಡ್: ಕೊಲ್ಲುತ್ತಿರುವುದು ನೀರೇ!

ಬಳ್ಳಾರಿ: ಈ ಊರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬುದು ಹಳೇ ಜೋಕು. ಇಂಥ ಊರಿನ ಹಾಲ್‌ಗಳಲ್ಲೂ ಈಗ ಆರ್ಕಿಡ್ ಬಂದು ಕೂತಿದೆ. ಬೆಂಗಳೂರಿನಲ್ಲಿ ಕೇಳಿದಷ್ಟು ಕೊಟ್ಟು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಫೆಲನಾಪ್ಸಿಸ್ ಗಿಡ ಒಂದೆರಡು ತಿಂಗಳು ಹೂ ತೋರಿಸುತ್ತದೆ. ಮಾರ್ಚ್ ಬಂತೋ, ಎಲೆ ಸುಕ್ಕು. ಮೇ ಹೊತ್ತಿಗೆ ಕಸದ ಬುಟ್ಟಿ. “ದಿನಾ ತಪ್ಪದೆ ನೀರು ಹಾಕಿದ್ವಲ್ರೀ!” ಎಂಬುದು ಮನೆಮನೆಯ ಗೋಳು.

ಎಡವಟ್ಟಾಗಿರುವುದೇ ಅಲ್ಲಿ.

ಇದು ಮಣ್ಣಿನ ಗಿಡವಲ್ಲ. ಮಳೆಕಾಡಿನಲ್ಲಿ ಮರದ ತೊಗಟೆಗೆ ಅಂಟಿಕೊಂಡು ಬದುಕುವ ಜಾತಿ. ಬೇರಿಗೆ ಸ್ಪಂಜಿನಂಥ ಹೊದಿಕೆಯಿದೆ. ಮಳೆ ಬಿದ್ದರೆ ಹೀರಿಕೊಂಡು ಹಸಿರಾಗುತ್ತದೆ, ಗಾಳಿಯಾಡಿದರೆ ಒಣಗಿ ಬೆಳ್ಳಗಾಗುತ್ತದೆ. ಎರಡೂ ಬೇಕು. ದಿನಾ ತಂಬಿಗೆ ಸುರಿದರೆ ಬೇರು ಉಸಿರಾಡದೆ ಕೊಳೆಯುತ್ತದೆ. ಬೇರು ಹೋದ ಗಿಡ ನೀರು ಎಳೆಯಲಾರದು, ಎಲೆ ಜೋಲುತ್ತದೆ. ಪಾಪ, ಬಾಯಾರಿದೆ ಎಂದು ಮನೆಯವರು ಇನ್ನೊಂದು ತಂಬಿಗೆ ಹಾಕುತ್ತಾರೆ. ಕಥೆ ಮುಗೀತು.

ಜತೆಗೆ ಇಲ್ಲಿನ ಗಾಳಿ. ಈ ಗಿಡಕ್ಕೆ ಶೇ. 50ರಿಂದ 70ರಷ್ಟು ತೇವಾಂಶ ಹಿತ. ಬೇಸಿಗೆಯ ಮಧ್ಯಾಹ್ನ ಬಳ್ಳಾರಿಯಲ್ಲಿ ಶೇ. 30ಕ್ಕಿಂತ ಕೆಳಗಿಳಿಯುವುದು ಮಾಮೂಲು. ಅಂದರೆ ಪಸೆ ಬೇಕಿರುವುದು ಗಾಳಿಗೆ, ಕುಂಡಕ್ಕಲ್ಲ.

ಅದಕ್ಕೆ ಮದ್ದು ಊರಿನವರ ಮನೆಯಲ್ಲೇ ಇದೆ: ಹುಲ್ಲಿನ ಪ್ಯಾಡಿನ ಕೂಲರ್! ಏಸಿ ಗಾಳಿಯ ಪಸೆ ಹೀರುತ್ತದೆ, ಕೂಲರ್ ಕೊಡುತ್ತದೆ. ಗಿಡ ಅದೇ ಕೋಣೆಯಲ್ಲಿರಲಿ, ಕೂಲರಿನ ಮೂತಿಗೆ ನೇರ ಬೇಡ. ತಟ್ಟೆಯಲ್ಲಿ ಜಲ್ಲಿ ಹರಡಿ, ಕಲ್ಲು ಮುಳುಗದಷ್ಟು ನೀರು ಹಾಕಿ ಮೇಲೆ ಕುಂಡ ಇಟ್ಟರೆ ಸ್ವಲ್ಪ ಅನುಕೂಲ, ಪವಾಡವೇನಲ್ಲ. ಸ್ಪ್ರೇ ಬಾಟಲಿಯ ತೇವ ಕೆಲವೇ ನಿಮಿಷದ್ದು; ಎಲೆಗಳ ಸುಳಿಯಲ್ಲಿ ನಿಂತ ನೀರು ಮಾತ್ರ ಗಿಡವನ್ನೇ ಕೊಳೆಸುತ್ತದೆ.

ಕುಂಡಕ್ಕೆ ನೀರು ಬೆಳಿಗ್ಗೆ ಹೊತ್ತು, ಬೇರು ಬೆಳ್ಳಗಾದ ಮೇಲೆಯೇ. ಹಾಕಿದ ನೀರು ಪೂರ್ತಿ ಸೋರಿಹೋಗಬೇಕು. ಬೇರು ಬಯಲಿಗೆ ಬಿಟ್ಟು ತೂಗುಹಾಕುವ ವಾಂಡಾದ್ದು ಬೇರೆ ಲೆಕ್ಕ. ಬೇಸಿಗೆಯಲ್ಲಿ ಅದನ್ನು ದಿನಾ ಹತ್ತು ಹದಿನೈದು ನಿಮಿಷ ಬಕೆಟ್ಟಿನಲ್ಲಿ ನೆನೆಹಾಕಬೇಕು. ಮಲೆನಾಡಿಗೆ ಟೂರ್ ಹೋದವರು ಮರದಿಂದ ಕಿತ್ತು ತರುವ ಸೀತಾಳೆ ದಂಡೆಯೂ ಇದೇ ಥರದ್ದು. ಆದರೆ ಅದರ ಬೇರು ಕೀಳುವಾಗಲೇ ಹರಿದಿರುತ್ತದೆ, ಎಷ್ಟು ನೆನೆಸಿದರೂ ಕಷ್ಟ. ಅಲ್ಲಿ ಮರ ಬೋಳು, ಇಲ್ಲಿ ಗೋಡೆಗೆ ಒಣಕಡ್ಡಿ. ಕಾಡಿನದ್ದು ಕಾಡಿನಲ್ಲೇ ಇರಲಿ ಸ್ವಾಮಿ!

ಇನ್ನು ಯಾವ ನೀರು? ಬೋರಿನ ಗಡಸು ನೀರು ಬೇರಿನ ಮೇಲೆ ಬಿಳಿ ಉಪ್ಪು ಕಟ್ಟಿಸುತ್ತದೆ. ಫಿಲ್ಟರಿನಿಂದ ಹೊರಬೀಳುವ ವೇಸ್ಟ್ ನೀರು ಇನ್ನೂ ಕೆಟ್ಟದ್ದು. “ಸುಮ್ನೆ ಯಾಕ್ ಚೆಲ್ಲೋದು” ಎಂದು ಅದನ್ನೇ ಹಾಕುವವರಿದ್ದಾರೆ. ಹಿಡಿದಿಟ್ಟ ಮಳೆನೀರು ಉತ್ತಮ, ಇಲ್ಲದಿದ್ದರೆ ಫಿಲ್ಟರಿನ ಒಳ್ಳೇ ನೀರು. ಕುಡಿಯುವ ನೀರಿಗೇ ನಲ್ಲಿ ಕಾಯುವವರ ನಡುವೆ ಇದೆಂಥಾ ಶೋಕಿ ಎಂದು ಮೂಗು ಮುರಿಯುವವರು ಲೆಕ್ಕ ಹಾಕಿ ನೋಡಲಿ: ವಾರಕ್ಕೆ ಒಂದೆರಡು ತಂಬಿಗೆ ಸಾಕು, ದಿನಾ ಸುರಿಯುವವರದ್ದು ಏಳು.