ಅಭಿಮಾನಿಯ ತಕ್ಕಡಿ

ತಕ್ಕಡಿ ಹಿಡಿದವನು ತೂಗುವ ಸರಕಿನ ಮೇಲೆ ಮನಸ್ಸಿಡಬಾರದೆಂಬುದು ಅಂಗಡಿಯ ಮೊದಲ ಪಾಠ. ನಾನು ಅಂಗಡಿಯವನಲ್ಲ, ಗಣಿತದ ಉಪಾಧ್ಯಾಯ. ಆದರೂ 2001ರಿಂದ ಈಚೆಗೆ ಪ್ರತಿ ಸೆಪ್ಟೆಂಬರಿನಲ್ಲಿಯೂ ಒಂದು ವಿಚಿತ್ರವಾದ ಸರಕನ್ನು ತೂಗಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಸರಕು, ಸಿಯಾಟಲ್ ನಗರದ ಮ್ಯಾರಿನರ್ಸ್ ಎಂಬ ಬೇಸ್‌ಬಾಲ್ ತಂಡದ ಭಾಗ್ಯ; ಗಿರಾಕಿ, ನನ್ನ ನೆರೆಮನೆಯ ವೃದ್ಧರು.

ನಾನು ಶಿವಮೊಗ್ಗೆಯನ್ನು ಬಿಟ್ಟು ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಈ ಊರಿಗೆ ಬಂದು ನೆಲಸಿದ್ದು 2000ದಲ್ಲಿ. ಮಲೆನಾಡಿನವನಿಗೆ ಇಲ್ಲಿಯ ಜಡಿಮಳೆ ಹೊಸದೆನಿಸಲಿಲ್ಲ; ಬೇಸ್‌ಬಾಲ್ ಮಾತ್ರ ಹೊಸದು. ವಾಚಕರಲ್ಲಿ ಹಲವರಿಗೆ ಈ ಆಟದ ಪರಿಚಯವಿರಲಾರದು. ಕ್ರಿಕೆಟ್ಟಿನ ದೂರದ ದಾಯಾದಿ ಎಂದುಕೊಂಡರೆ ಸಾಕು. ಒಂದೊಂದು ತಂಡಕ್ಕೆ ಒಂಬತ್ತು ಇನಿಂಗ್ಸು, ಪ್ರತಿ ಇನಿಂಗ್ಸಿಗೆ ಮೂರೇ ಔಟು. ಓಟಗಳು ಸಮವಾದರೆ ಒಂದು ತಂಡ ಮೇಲಾಗುವವರೆಗೂ ಆಟ ಮುಂದುವರಿಯುತ್ತದೆ. ಇಷ್ಟನ್ನೂ ನನಗೆ ಬೇಲಿಯ ಆಚೆ ನಿಂತು ಕಲಿಸಿದವರು ಆ ನೆರೆಯವರೇ. ವಿಮಾನದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1977ರಲ್ಲಿ ತಂಡ ಹುಟ್ಟಿದಂದಿನಿಂದಲೂ ಅದರ ಭಕ್ತರು. ಆಟವನ್ನು ನೋಡುವುದಕ್ಕಿಂತ ರೇಡಿಯೋದಲ್ಲಿ ಕೇಳುವುದೇ ಅವರಿಗೆ ಪ್ರಿಯ. ಮೊದಲ ವರ್ಷದಿಂದ 2010ರಲ್ಲಿ ತೀರಿಕೊಳ್ಳುವವರೆಗೆ ವೀಕ್ಷಕ ವಿವರಣೆ ಕೊಟ್ಟ ಡೇವ್ ನೀಹೌಸ್ ಅವರ ಕಂಠ ತಮ್ಮ ಮನೆಯವರ ಕಂಠವೇ ಆಗಿತ್ತೆಂದು ಅವರು ಹೇಳುತ್ತಿದ್ದರು.

ನಾನು ಬಂದ ಮರುವರ್ಷವೇ ತಂಡ 162 ಪಂದ್ಯಗಳಲ್ಲಿ 116ನ್ನು ಗೆದ್ದುಬಿಟ್ಟಿತು. ಅದಕ್ಕೆ ಹಿಂದೆ ಆ ಸಂಖ್ಯೆಯನ್ನು ಮುಟ್ಟಿದ್ದು 1906ರ ಶಿಕಾಗೊ ಕಬ್ಸ್ ಒಂದೇ. ಇಂಥ ತಂಡಕ್ಕೆ ಎದುರುಂಟೆ ಎಂದು ಹೊಸ ಅಭಿಮಾನಿಯಾದ ನಾನು ಹಿಗ್ಗಿದೆ. ಲೀಗಿನ ಅಂತಿಮ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಐದೇ ಪಂದ್ಯಗಳಲ್ಲಿ ನಮ್ಮನ್ನು ಮನೆಗೆ ಕಳುಹಿಸಿತು. 1906ರ ಕಬ್ಸ್ ಕೂಡ ಕೊನೆಯ ಸರಣಿಯಲ್ಲಿ ತಮ್ಮದೇ ಊರಿನ ವೈಟ್ ಸಾಕ್ಸ್ ತಂಡಕ್ಕೆ ಸೋತಿತ್ತೆಂದು ನೆರೆಯವರು ತಿಳಿಸಿ, “ಪ್ರೊಫೆಸರ್, ನಿಮ್ಮ ಗಣಿತದಲ್ಲಿ ಇದಕ್ಕೆ ಉತ್ತರವಿದೆಯೆ?” ಎಂದು ಕೇಳಿದರು.

ಉತ್ತರವೇನೋ ಇತ್ತು. ಎದುರಾಳಿಗಿಂತ ತುಸು ಮೇಲಾದ ತಂಡವೊಂದು ಯಾವುದೇ ಪಂದ್ಯವನ್ನು ಗೆಲ್ಲುವ ಸಂಭವ ನೂರಕ್ಕೆ 55 ಎಂದಿಟ್ಟುಕೊಳ್ಳಿ. 162 ಪಂದ್ಯಗಳ ದೀರ್ಘ ಪರೀಕ್ಷೆಯಲ್ಲಿ ಆ ಐದರ ಮೇಲುಗೈ ಕೂಡುತ್ತ ಕೂಡುತ್ತ ಬೆಳೆದು ಕಣ್ಣಿಗೆ ಕಾಣುತ್ತದೆ. ಆದರೆ ಏಳರಲ್ಲಿ ನಾಲ್ಕನ್ನು ಗೆಲ್ಲಬೇಕಾದ ಸರಣಿಯಲ್ಲಿ ಅದೇ ತಂಡದ ಸಂಭವ ಸುಮಾರು 61 ಮಾತ್ರ. ಐದರಲ್ಲಿ ಮೂರನ್ನು ಗೆಲ್ಲಬೇಕಾದಲ್ಲಿ 59. ಐದರ ಸರಣಿ ಒಂದು, ಏಳರ ಸರಣಿ ಎರಡು, ಮೂರನ್ನೂ ಒಂದರ ಮೇಲೊಂದು ಗೆದ್ದು ಕಿರೀಟ ಧರಿಸುವ ಸಂಭವ ನೂರಕ್ಕೆ ಸುಮಾರು 22. ಎಂದರೆ, ಮೇಲಾದ ತಂಡವೂ ಐದು ವರ್ಷಗಳಲ್ಲಿ ನಾಲ್ಕು ಸಲ ಸೋತು ಬರುವುದೇ ನ್ಯಾಯ! ಬೇಸಗೆಯುದ್ದಕ್ಕೂ ನಡೆಯುವುದು ಯೋಗ್ಯತೆಯ ಪರೀಕ್ಷೆ. ಅಕ್ಟೋಬರಿನದು ಬಹುಮಟ್ಟಿಗೆ ಅದೃಷ್ಟದ ಪರೀಕ್ಷೆ. ಇದನ್ನೆಲ್ಲ ಬೇಲಿಯ ಮೇಲೆ ಕಾಗದವಿಟ್ಟು ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅಂದಿನಿಂದ ನಾನು ಅವರ ತೂಕದವನಾದೆ.

ತೂಗಲು ಹೆಚ್ಚೇನೂ ಇರಲಿಲ್ಲ. 2002ರಿಂದ 2021ರವರೆಗೆ, ಇಡೀ ಇಪ್ಪತ್ತು ವರ್ಷ, ತಂಡ ಪ್ಲೇಆಫ್ ಘಟ್ಟವನ್ನೇ ಮುಟ್ಟಲಿಲ್ಲ. ಆದರೂ ಪ್ರತಿ ವರ್ಷ ಎಲೆ ಕೆಂಪಾಗುವ ಹೊತ್ತಿಗೆ ಅವರು ಬೇಲಿಯ ಬಳಿ ಬಂದು, “ಪ್ರೊಫೆಸರ್, ಈ ವರ್ಷದ ಲೆಕ್ಕವೇನು?” ಎನ್ನುವರು. “ನೂರಕ್ಕೆ ಎಂಟು” ಎಂದೋ “ಹನ್ನೆರಡು” ಎಂದೋ ನಾನು ಹೇಳುವೆನು. ಅವರು 1995ನ್ನು ನೆನೆಯುವರು. ಆ ವರ್ಷ ಆಗಸ್ಟಿನಲ್ಲಿ ಮ್ಯಾರಿನರ್ಸ್ ಮುಂದಿದ್ದ ತಂಡಕ್ಕಿಂತ ಹದಿಮೂರು ಪಂದ್ಯಗಳಷ್ಟು ಹಿಂದಿತ್ತು. ಋತು ಮುಗಿಯುವಾಗ ಸರಿಸಮವಾಗಿ ನಿಂತು, ನಿರ್ಣಾಯಕ ಪಂದ್ಯವನ್ನು ಗೆದ್ದು ಪ್ಲೇಆಫ್ ಪ್ರವೇಶಿಸಿತು. ಅಲ್ಲಿ ಯಾಂಕೀಸಿನ ವಿರುದ್ಧ ಐದನೆಯ ಪಂದ್ಯದ ಹನ್ನೊಂದನೆಯ ಇನಿಂಗ್ಸಿನಲ್ಲಿ ಎಡ್ಗರ್ ಮಾರ್ಟಿನೆಜ್ ಹೊಡೆದ ಒಂದೇ ಹೊಡೆತಕ್ಕೆ ಕೆನ್ ಗ್ರಿಫಿ ಮೊದಲ ಬೇಸಿನಿಂದ ಓಡಿಬಂದು ಸರಣಿಯನ್ನೇ ಗೆಲ್ಲಿಸಿದ. “ಆ ಆಗಸ್ಟಿನಲ್ಲಿ ನೀವಿದ್ದಿದ್ದರೆ ಎಷ್ಟು ಹೇಳುತ್ತಿದ್ದಿರಿ?” ಎಂದು ಅವರು ಕೇಳುವರು. ನಾನು ಸುಮ್ಮನಾಗುವೆನು.

2022ರ ಸೆಪ್ಟೆಂಬರ್ 30ರ ರಾತ್ರಿ ಉಪವಾಸ ಮುರಿಯಿತು. ಒಂಬತ್ತನೆಯ ಇನಿಂಗ್ಸು, ಎರಡು ಔಟು, ಓಟಗಳು ಸಮ. ಬದಲಿ ದಾಂಡಿಗನಾಗಿ ಬಂದ ಕ್ಯಾಲ್ ರಾಲಿ ಚೆಂಡನ್ನು ಮೈದಾನದ ಆಚೆಗಟ್ಟಿದ. ಬೇಲಿಯಾಚೆಯ ಮನೆಯಿಂದ ಕೂಗು ಕೇಳಿ ನಾನು ಓಡಿಹೋದೆ. ವೃದ್ಧರು ರೇಡಿಯೋದ ಮೇಲೆ ಕೈಯಿಟ್ಟು ಅಳುತ್ತಿದ್ದರು. ಮುಂದೆ 2023ರಲ್ಲಿ ಒಂದು ಪಂದ್ಯದ ಅಂತರದಿಂದ ಅವಕಾಶ ತಪ್ಪಿತು. 2024ರಲ್ಲಿಯೂ ಒಂದೇ ಪಂದ್ಯದಿಂದ.

ಆಮೇಲೆ ಬಂದದ್ದು 2025. ನಮ್ಮ ವಿಕೆಟ್ ಕೀಪರಿನಂತೆ ದಾಂಡಿಗನ ಹಿಂದೆ ಕುಕ್ಕರಗಾಲಿನಲ್ಲಿ ಕೂರುವವನನ್ನು ಇಲ್ಲಿ ಕ್ಯಾಚರ್ ಎನ್ನುತ್ತಾರೆ. ಮೈಮುರಿಯುವ ಆ ಕೆಲಸ ಮಾಡುತ್ತಲೇ ರಾಲಿ ಆ ವರ್ಷ 60 ಹೋಂ ರನ್ ಹೊಡೆದ. ಹಿಂದೆ ಯಾವ ಕ್ಯಾಚರನೂ ಒಂದು ಋತುವಿನಲ್ಲಿ ಅಷ್ಟು ಹೊಡೆದಿರಲಿಲ್ಲ. ತಂಡ 90 ಪಂದ್ಯ ಗೆದ್ದು, 2001ರ ಬಳಿಕ ಮೊದಲ ಬಾರಿಗೆ ತನ್ನ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಡೆಟ್ರಾಯಿಟ್ ತಂಡವನ್ನು ಐದನೆಯ ಪಂದ್ಯದಲ್ಲಿ, ಹದಿನೈದು ಇನಿಂಗ್ಸು ಕಾದಾಡಿ, ಸೋಲಿಸಿತು. ಟೊರಾಂಟೊ ಬ್ಲೂ ಜೇಸ್ ವಿರುದ್ಧದ ಸರಣಿ ಮೂರು-ಮೂರಾಗಿ ಏಳನೆಯ ಪಂದ್ಯಕ್ಕೆ ನಿಂತಿತು. ಗೆದ್ದರೆ ವರ್ಲ್ಡ್ ಸೀರೀಸ್. ಅಂದಿಗೆ ಮೂವತ್ತು ತಂಡಗಳ ಪೈಕಿ ಆ ಅಂಗಳವನ್ನು ಒಮ್ಮೆಯೂ ತುಳಿಯದಿದ್ದುದು ನಮ್ಮದೊಂದೇ.

ಅಷ್ಟರಲ್ಲಿ ನೆರೆಯವರು ಹಾಸಿಗೆ ಹಿಡಿದಿದ್ದರು. ಅವರ ಎದೆಯ ಬಲ ಉಡುಗಿತ್ತು. ಅಕ್ಟೋಬರ್ 20ರ ಬೆಳಗ್ಗೆ ಅವರ ಮಗಳು ಬಂದು, “ಅಪ್ಪ ಕರೆಯುತ್ತಿದ್ದಾರೆ. ಲೆಕ್ಕ ಬೇಕಂತೆ” ಎಂದಳು.

ನಾನು ಮನೆಯಲ್ಲಿ ಕುಳಿತು ಮೊದಲೇ ತೂಗಿದ್ದೆ. ಪಂದ್ಯ ಎದುರಾಳಿಯ ಊರಿನಲ್ಲಿ. ಈ ಆಟದಲ್ಲಿ ಮನೆಯಂಗಳದ ತಂಡ ನೂರಕ್ಕೆ 53-54ರಷ್ಟು ಗೆಲ್ಲುತ್ತದೆ. ಋತುವಿನಲ್ಲಿ ಅವರ ಗೆಲುವು 94, ನಮ್ಮದು 90. ಹಿಂದಿನ ರಾತ್ರಿ ನಾವು ಆರಕ್ಕೆ ಎರಡರಿಂದ ಸೋತಿದ್ದೆವು. ಇತ್ತ ತಟ್ಟೆಯಲ್ಲಿ, ಇದೇ ಸರಣಿಯ ಮೊದಲೆರಡು ಪಂದ್ಯಗಳನ್ನು ಅದೇ ಟೊರಾಂಟೊದಲ್ಲಿ ಗೆದ್ದಿದ್ದೆವು. ರಾಲಿಯಿದ್ದ, ಜೂಲಿಯೊ ರಾಡ್ರಿಗೆಜ್ ಇದ್ದ. ಮುಳ್ಳು 45ಕ್ಕೆ ನಿಂತಿತ್ತು. ಆದರೆ “ಮುಂದಿನ ವರ್ಷ” ಎಂಬ ಮಾತು ತನಗೆ ಸಲ್ಲುವುದೋ ಇಲ್ಲವೋ ಎಂದಿರುವ ಮನುಷ್ಯನ ಮಂಚದ ಬಳಿ ನಿಂತಾಗ ನಾಲಗೆ ಬೇರೆ ಅಂಕಿಯನ್ನು ನುಡಿಯಿತು.

“ಸರಿ ಅರ್ಧ. ಐವತ್ತು” ಎಂದೆ.

“ಅರ್ಧ ಸಾಕು” ಎಂದು ಅವರು ಕಣ್ಣು ಮುಚ್ಚಿದರು.

ಸಂಜೆ ಅವರ ಕೋಣೆಯಲ್ಲಿಯೇ ಕೂತು ಕೇಳಿದೆ. ಜೂಲಿಯೊ ಹೊಡೆದ, ರಾಲಿ ಹೊಡೆದ. ಮೂರಕ್ಕೆ ಒಂದರಿಂದ ನಾವು ಮುಂದೆ. ಏಳನೆಯ ಇನಿಂಗ್ಸಿನಲ್ಲಿ ಒಂದು ಔಟಾಗಿತ್ತು. ಇನ್ನು ಎಂಟೇ ಎಂಟು ಔಟು. ಅಷ್ಟರಲ್ಲಿ ಬ್ಲೂ ಜೇಸಿನ ಇಬ್ಬರು ಬೇಸುಗಳ ಮೇಲಿದ್ದಾಗ ಜಾರ್ಜ್ ಸ್ಪ್ರಿಂಗರ್ ಹೋಂ ರನ್ ಹೊಡೆದ. ಮೂರು ಓಟ. ನಾಲ್ಕಕ್ಕೆ ಮೂರು, ಪಂದ್ಯ ಹಾಗೆಯೇ ಮುಗಿಯಿತು. ಯಾರೂ ಮಾತನಾಡಲಿಲ್ಲ. ಮಗಳು ರೇಡಿಯೋ ಆರಿಸಿದಳು.

ಮರುದಿನ ಅವರನ್ನು ನೋಡಲು ಹೋದಾಗ ನನ್ನನ್ನು ಕಾಡುತ್ತಿದ್ದುದು ಸೋಲಲ್ಲ, ಆ ಐದು. ಇಪ್ಪತ್ತನಾಲ್ಕು ವರ್ಷ ನನ್ನ ಮಾತನ್ನು ನಂಬಿದವರಿಗೆ ಕೊನೆಯಲ್ಲಿ ತಪ್ಪು ತೂಕ ಕೊಟ್ಟೆನಲ್ಲ! ತಡೆಯಲಾರದೆ ಹೇಳಿಬಿಟ್ಟೆ: “ನಿನ್ನೆ ನನ್ನ ಲೆಕ್ಕ ಬಂದದ್ದು ನಲವತ್ತೈದು. ನಿಮಗೆ ಐವತ್ತೆಂದೆ.”

ಅವರು ನಕ್ಕರು, ನಗುವಿನ ಹಿಂದೆಯೇ ಕೆಮ್ಮು ಬಂತು. ಅದು ತಗ್ಗಿದ ಮೇಲೆ, “ನನಗೆ ಗೊತ್ತಿತ್ತು, ಪ್ರೊಫೆಸರ್. ಮೊದಲಿನಿಂದಲೂ ನೀವು ನಾಲ್ಕೈದು ಹೆಚ್ಚಿಗೇ ಹೇಳುತ್ತ ಬಂದಿದ್ದೀರಿ. ನಾನು ಅಷ್ಟನ್ನು ಕಳೆದುಕೊಂಡೇ ಕೇಳುತ್ತಿದ್ದೆ” ಎಂದರು.

ನಾನು ತಬ್ಬಿಬ್ಬಾದೆ. ನನ್ನ ತಕ್ಕಡಿ ನಿರ್ಮಮವಾದದ್ದೆಂದು ಇಷ್ಟು ಕಾಲವೂ ನಂಬಿದ್ದವನು ನಾನೊಬ್ಬನೇ. ತಟ್ಟೆಯ ಮೇಲಿದ್ದ ನನ್ನ ಹೆಬ್ಬೆರಳನ್ನು ಗಿರಾಕಿ ಮೊದಲ ವರ್ಷವೇ ಕಂಡುಕೊಂಡಿದ್ದರು. ಕಂಡೂ ಅಂಗಡಿ ಬದಲಿಸಿರಲಿಲ್ಲ.

“ಹಾಗಾದರೆ ನನ್ನನ್ನು ಕೇಳುತ್ತಿದ್ದುದು ಏತಕ್ಕೆ?” ಎಂದೆ.

“ಲೆಕ್ಕ ಪತ್ರಿಕೆಯಲ್ಲಿಯೂ ಸಿಗುತ್ತದೆ. ಆ ನಾಲ್ಕೈದು ಎಲ್ಲಿ ಸಿಗಬೇಕು?” ಎಂದು ಅವರು ಮಗ್ಗುಲಾದರು. ಹೊರಗೆ ಮಳೆ ಹಿಡಿದಿತ್ತು. ನಾನು ಕೊಡೆ ಬಿಚ್ಚುವಾಗ ಒಳಗಿನಿಂದ ಮತ್ತೆ ಧ್ವನಿ ಬಂತು:

“ಏಪ್ರಿಲ್‌ನಲ್ಲಿ ಬನ್ನಿ. ಹೊಸದಾಗಿ ತೂಗೋಣ.”