ಟೊಂಕದ ಬಂದರು: ಮೊದಲು ಕೇಳಬೇಕಾದ್ದು ಯಾರನ್ನ?

ಹೋದ ಎಪಿಸೋಡ್ ಆದ್ಮೇಲೆ ಭಟ್ಕಳದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. "ಟೊಂಕದ ಬಂದರು ಗಲಾಟೆಗೂ ಚರ್ಚಿಗೂ ಏನು ಸಂಬಂಧ? ಪೂಜೆ, ಪ್ರಾರ್ಥನೆ ಬಿಟ್ಟು ಇದೆಲ್ಲ ಯಾಕೆ?" ಅಂತ. ಪ್ರಶ್ನೆ ಸರಿಯಾಗೇ ಇದೆ. ಇವತ್ತು ಅದನ್ನೇ ಬಿಡಿಸಿ ನೋಡೋಣ.

ಮೊದಲು ಜಾಗ. ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಭಟ್ಕಳದ ಕಡೆ ಬಂದ್ರೆ ಸಿಗೋದು ಕಾಸರಕೋಡ. ಕೇರಳದ ಕಾಸರಗೋಡು ಅಲ್ಲ, ನಮ್ಮದು. ಇಲ್ಲಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಅದೇ ಊರಿನ ಟೊಂಕದಲ್ಲಿ, ಶರಾವತಿ ಕಡಲಿಗೆ ಸೇರೋ ಅಳಿವೆಯ ಹತ್ತಿರ, ಖಾಸಗಿ ಬಂದರು ಕಟ್ಟೋ ಯೋಜನೆ ಬಂದು ಹತ್ತು ವರ್ಷದ ಮೇಲಾಯ್ತು. 2022ರ ಜನವರಿಯಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ರಸ್ತೆ ಕೆಲಸ ಶುರುವಾದಾಗ ಮೀನುಗಾರರು ಅಡ್ಡ ನಿಂತರು, ಬಂಧನಗಳಾದವು. 2025ರ ಫೆಬ್ರವರಿಯಲ್ಲಿ ಮತ್ತೆ ನಿಷೇಧಾಜ್ಞೆ, ಮತ್ತೆ ಪ್ರತಿಭಟನೆ; ಹೆಂಗಸರು ಸಮುದ್ರಕ್ಕೇ ಇಳಿದರು.

ಅವರ ಭಯ ಏನು? ಟೊಂಕದ ಮರಳು ಬರೀ ಮರಳಲ್ಲ. ದೋಣಿ ಎಳೆದು ನಿಲ್ಲಿಸೋದು ಅಲ್ಲೇ, ಬಲೆ ಹರವೋದು ಅಲ್ಲೇ, ಹೆಂಗಸರು ಮೀನು ಒಣಗಿಸೋದೂ ಅಲ್ಲೇ. ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡೋಕೂ ಈ ತೀರಕ್ಕೆ ಬರ್ತವೆ.

ನಾನು ಓದಿದ್ದು ಬಿ.ಕಾಂ. ನಮ್ಮ ಲೆಕ್ಕದ ಪುಸ್ತಕದಲ್ಲಿ ಜೆಟ್ಟಿಗೆ ಕಾಲಂ ಇದೆ, ರಸ್ತೆಗೆ ಕಾಲಂ ಇದೆ, ಸಾಲದ ಬಡ್ಡಿಗೂ ಇದೆ. ಒಣಮೀನು ಹರವೋ ಜಾಗ ಹೋದ್ರೆ ಆಗೋ ನಷ್ಟಕ್ಕೆ ಕಾಲಂ ಇಲ್ಲ, ಯಾಕಂದ್ರೆ ಆ ನಷ್ಟ ಕಂಪನಿಯದ್ದಲ್ಲ. ಲಾಭ ಒಬ್ಬರ ಖಾತೆಗೆ, ಖರ್ಚು ಇನ್ನೊಬ್ಬರ ಮನೆಗೆ. ಕಾಲೇಜಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತ ಹೆಸರಿಟ್ಟು ಎರಡು ಮಾರ್ಕಿಗೆ ಬರೆಸ್ತಿದ್ರು.

ಇಲ್ಲೇ ಚರ್ಚ್ ಬರೋದು. 2015ರ ಮೇ 24ರಂದು ಪೋಪ್ ಫ್ರಾನ್ಸಿಸ್ 'ಲಾವ್ದಾತೊ ಸಿ' ಅನ್ನೋ ವಿಶ್ವಪತ್ರಕ್ಕೆ ಸಹಿ ಹಾಕಿದ್ರು. ಕಥೋಲಿಕರಿಗೆ ಮಾತ್ರ ಅಲ್ಲ, ಭೂಮಿ ಮೇಲಿರೋ ಎಲ್ಲರಿಗೂ ಅಂತ ಬರೆದದ್ದು. ಒಟ್ಟು 246 ಪ್ಯಾರಾ. ನನ್ನ ಪ್ರಕಾರ ಟೊಂಕಕ್ಕೆ ಮುಖ್ಯವಾದದ್ದು 183ನೇದು. ಅದರ ಸಾರ ಇಷ್ಟು: ಪರಿಸರಕ್ಕೆ ಏನಾಗುತ್ತೆ ಅನ್ನೋ ಅಧ್ಯಯನ ವ್ಯಾಪಾರದ ಪ್ಲಾನ್ ತಯಾರಾದ ಮೇಲೆ ಬರಬಾರದು, ಮೊದಲಿನಿಂದಲೇ ಜೊತೆಗಿರಬೇಕು. ಯಾರ ಒತ್ತಡಕ್ಕೂ ಸಿಗಬಾರದು. ಮಾತುಕತೆಯಲ್ಲಿ ಆ ಊರಿನವರಿಗೆ ವಿಶೇಷ ಸ್ಥಾನ ಇರಬೇಕು.

ಇದನ್ನ ನಮ್ಮ ಕಾನೂನಿನ ಪಕ್ಕ ಇಟ್ಟು ನೋಡಿ. 2006ರ ಇಐಎ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ. ಆದ್ರೆ ಅದು ನಡೆಯೋದು ಯೋಜನೆ ರೂಪಿಸಿ, ಕರಡು ವರದಿ ಬರೆದಾದ ಮೇಲೆ. ಅಂದ್ರೆ ಅಡುಗೆ ಆದ್ಮೇಲೆ "ಉಪ್ಪು ಸಾಕಾ?" ಅಂತ ಕೇಳಿದ ಹಾಗೆ. ಏನು ಅಡುಗೆ ಮಾಡೋಣ ಅಂತ ಮೊದಲೇ ಕೇಳಿ ಅನ್ನುತ್ತೆ ಪೋಪರ ಪತ್ರ. ವ್ಯತ್ಯಾಸ ಇರೋದು ಇಷ್ಟೇ, ಆದ್ರೆ ಟೊಂಕದವರ ಬದುಕು ನಿಂತಿರೋದು ಆ ವ್ಯತ್ಯಾಸದ ಮೇಲೇ.

ಹಾಗಾದ್ರೆ ಚರ್ಚೇ ಮುಂದೆ ನಿಂತು ಹೋರಾಡಬೇಕಾ? ಕೇರಳದಲ್ಲಿ ಹಾಗೆ ನಡೆದಿದೆ. 2022ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ತಿರುವನಂತಪುರದ ಲ್ಯಾಟಿನ್ ಮಹಾಧರ್ಮಪ್ರಾಂತ್ಯವೇ ವಿಳಿಂಜಂ ಬಂದರಿನ ವಿರುದ್ಧ ಚಳವಳಿ ನಡೆಸ್ತು. ಕಡಲ್ಕೊರೆತಕ್ಕೆ ಮನೆ ಕಳಕೊಂಡವರ ಸಂಕಟ ನಿಜವಾದದ್ದೇ. ಆದ್ರೆ ನವೆಂಬರ್‌ನಲ್ಲಿ ಪೊಲೀಸ್ ಠಾಣೆ ಮೇಲೆ ದಾಳಿ ಆಯ್ತು, ಆರ್ಚ್‌ಬಿಷಪ್ ಮೇಲೂ ಕೇಸ್ ಬಿತ್ತು. ಬಂದರು ಬೇಕು ಅನ್ನೋ ಗುಂಪು ಎದುರು ನಿಂತಿತು. ಮೀನುಗಾರರ ಪ್ರಶ್ನೆ ಹಿಂದೆ ಬಿದ್ದು ಅದು ಒಂದು ಧರ್ಮದವರ ಜಗಳದ ಹಾಗೆ ಕಾಣೋಕೆ ಶುರುವಾಯ್ತು. 2025ರ ಮೇ 2ರಂದು ಆ ಬಂದರು ಉದ್ಘಾಟನೆಯೂ ಆಯ್ತು.

ಟೊಂಕದ ಮೀನುಗಾರರು ಒಂದೇ ಧರ್ಮದವರಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಒಂದೇ ಕಡಲಿಗೆ ಇಳಿಯೋರು. ಹಾಗಾಗಿ ಚರ್ಚ್ ಇಲ್ಲಿ ಬಾವುಟ ಹಿಡಿದು ಮುಂದೆ ಹೋಗಬೇಕಿಲ್ಲ, ಪಕ್ಕದಲ್ಲಿ ಕೂತ್ರೆ ಸಾಕು ಅಂತ ನನಗನ್ನಿಸುತ್ತೆ. ಇಂಗ್ಲಿಷ್ ವರದಿಯನ್ನ ಓದಿ ಕನ್ನಡ, ಕೊಂಕಣಿಯಲ್ಲಿ ಬಿಡಿಸಿ ಹೇಳಬಹುದು. ಅರ್ಜಿ ಬರೆದುಕೊಡಬಹುದು. ನಮ್ಮ ಚರ್ಚಿಗೆ ಬಾರದವರ ನೋವನ್ನೂ ಭಾನುವಾರದ ಪ್ರಾರ್ಥನೆಯಲ್ಲಿ ನೆನೆಯಬಹುದು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳ್ಬೇಕು. ಕುಮಟಾ, ಹೊನ್ನಾವರ, ಭಟ್ಕಳದ ನಮ್ಮ ವಯಸ್ಸಿನವರು ಕೆಲಸಕ್ಕೆ ಅಂತ ಗೋವಾ, ಮುಂಬೈ, ಗಲ್ಫ್ ಕಡೆ ಹೋಗ್ತಾನೇ ಇದ್ದಾರೆ. "ಬಂದರು ಬಂದ್ರೆ ಊರಲ್ಲೇ ಕೆಲಸ" ಅನ್ನೋ ಆಸೆಯನ್ನ ತಳ್ಳಿಹಾಕೋಕೆ ಆಗಲ್ಲ. ಪೋಪ್ ಫ್ರಾನ್ಸಿಸ್ ಕೂಡ ಅದೇ ಪತ್ರದಲ್ಲಿ ದುಡಿದು ಬದುಕೋದೇ ಮನುಷ್ಯನ ಘನತೆ ಅಂದಿದ್ದಾರೆ. ಆದ್ರೆ ಮೀನು ಹಿಡಿಯೋದು, ಒಣಗಿಸೋದು, ಮಾರೋದು ಕೂಡ ಕೆಲಸವೇ ಅಲ್ವಾ? ಹೊಸ ಕೆಲಸ ಎಷ್ಟು ಅಂತ ಎಣಿಸುವಾಗ ಹೋಗೋ ಕೆಲಸವನ್ನೂ ಎಣಿಸ್ಬೇಕು.

ವಾಯ್ಸ್ ನೋಟ್ ಕಳಿಸಿದ ಗೆಳೆಯರೇ, ನನ್ನ ಉತ್ತರ ಇದು: ಬಂದರು ಬೇಕೋ ಬೇಡವೋ ಅನ್ನೋ ತೀರ್ಪು ಚರ್ಚಿನದ್ದಲ್ಲ. ಊರವರನ್ನ ಮೊದಲು ಕೇಳಿದ್ರಾ ಅಂತ ವಿಚಾರಿಸೋದು ಮಾತ್ರ ಅದರ ಕೆಲಸವೇ.

ಟೊಂಕದವರು ಯಾರಾದ್ರೂ ಕೇಳ್ತಿದ್ರೆ, ನಾನು ತಪ್ಪು ಹೇಳಿದ್ದನ್ನ ತಿದ್ದಿ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್ ಅದರಿಂದಲೇ ಶುರು ಮಾಡ್ತೀನಿ.