ಜಾವಗಲ್ಲಿನ ಹೆಸರು, ಅರಸೀಕೆರೆಯ ಹುಡುಗ

ನಮ್ಮ ಹಾಸನದ ಸೀಮೆಯಲ್ಲಿ ರಾಗಿಯ ಕೊಯಿಲು ಮುಗಿದು ಹೊಲಗಳು ಬರಿದಾದೊಡನೆಯೇ ಹುಡುಗರ ಕೈಗೆ ಬ್ಯಾಟು ಚೆಂಡುಗಳು ಬರುವುದನ್ನು ವಾಚಕರು ಕಂಡೇ ಇರುವರು. ಹೊಳೇನರಸೀಪುರದಲ್ಲಿ ಹೇಮಾವತಿಯ ದಂಡೆಯ ಬಯಲಾಗಲಿ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳ ಮಗ್ಗುಲಿನ ಬೀಳುಭೂಮಿಯಾಗಲಿ, ಮೂರು ಕೋಲುಗಳನ್ನು ನೆಡುವಷ್ಟು ಜಾಗವಿದ್ದರೆ ಅವರಿಗೆ ಸಾಕು. ಅರಕಲಗೂಡಿನ ಪಡುವಣ ಎಲ್ಲೆಯನ್ನು ದಾಟಿದರೆ ಕೊಡಗು. ಅಲ್ಲಿ ಹಾಕಿಯಾಟವು ಮನೆತನದ ಸೊತ್ತೆಂಬಂತೆ ನಡೆದುಬಂದಿದೆ. ನಮ್ಮಲ್ಲಿ ಮಾತ್ರ ಕ್ರಿಕೆಟ್ಟಿಗೇ ಪಟ್ಟ.

ಆಡುವ ಹುಡುಗರು ಸಾವಿರಾರು ಮಂದಿ. ಆಟವನ್ನೇ ವೃತ್ತಿಯಾಗಿ ಹಿಡಿದು ಅದರಿಂದಲೇ ಅನ್ನ ಕಂಡವರು ಬೆರಳೆಣಿಕೆಯಷ್ಟು ಜನ. ಅಂಥವರಲ್ಲಿ ಇಬ್ಬರ ಮೊದಲ ದಿನಗಳ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಒಬ್ಬರು ನಮ್ಮ ಜಿಲ್ಲೆಯ ಊರಿನ ಹೆಸರನ್ನು ಹೊತ್ತು ಮೈಸೂರಿನಲ್ಲಿ ಬೆಳೆದವರು. ಮತ್ತೊಬ್ಬರು ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದವರು. ಮೊದಲನೆಯವರನ್ನು ಲೋಕವೆಲ್ಲ ಬಲ್ಲದು. ಎರಡನೆಯವರ ವಿಷಯ ಅಷ್ಟಾಗಿ ತಿಳಿಯದು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಬಾಣಾವರದಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ ಎಂಬ ಊರಿದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯನ್ನು ನೋಡಲು ಬರುವವರೂ ಉಂಟು. ಈ ಊರು ಅರಸೀಕೆರೆಯ ತಾಲ್ಲೂಕಿಗೆ ಸೇರಿದುದು. ಹಿರಿಯರ ಊರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವ ನಮ್ಮ ಹಳೆಯ ಪದ್ಧತಿಯಿಂದಾಗಿ ಶ್ರೀನಾಥರು ಜಾವಗಲ್ ಶ್ರೀನಾಥರಾದರು. ಅವರು ಹುಟ್ಟಿದ್ದು ಮೈಸೂರಿನಲ್ಲಿ, ೧೯೬೯ನೆಯ ಆಗಸ್ಟ್ ೩೧ರಂದು. ಓದಿದ್ದು ಮರಿಮಲ್ಲಪ್ಪನವರ ಹೈಸ್ಕೂಲಿನಲ್ಲಿ. ಅನಂತರ ಅದೇ ಊರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಮಗನು ಆಟವಾಡಿದರೆ ಓದು ಕೆಟ್ಟಿತೆಂದು ಕಳವಳಪಡುವ ತಂದೆತಾಯಿಗಳು ಈ ಸಂಗತಿಯನ್ನು ಗಮನಿಸಬಹುದು.

ಕ್ಲಬ್ಬಿನ ಪಂದ್ಯವೊಂದರಲ್ಲಿ ಈ ಎತ್ತರದ ಹುಡುಗನ ಬೌಲಿಂಗನ್ನು ಕಂಡು ಗುರುತಿಸಿದವರು ಗುಂಡಪ್ಪ ವಿಶ್ವನಾಥರು. ೧೯೮೯-೯೦ರಲ್ಲಿ ಶ್ರೀನಾಥರು ಹೈದರಾಬಾದಿನ ಎದುರು ಕರ್ನಾಟಕದ ಪರವಾಗಿ ಮೊದಲ ರಣಜಿ ಪಂದ್ಯವನ್ನಾಡಿದರು. ಆ ಮೊದಲ ಪಂದ್ಯದಲ್ಲಿಯೇ ಒಂದರ ಹಿಂದೊಂದು ಮೂರು ಚೆಂಡುಗಳಲ್ಲಿ ಮೂರು ವಿಕೆಟ್ಟುಗಳನ್ನು ಉರುಳಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ, ೧೯೯೧ರ ನವೆಂಬರಿನಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಭಾರತದ ಪರವಾಗಿ ಟೆಸ್ಟ್ ಪಂದ್ಯಕ್ಕಿಳಿದರು.

ಇಷ್ಟೇ ಆಗಿದ್ದರೆ ಇದು ಬರಿಯ ಭಾಗ್ಯವಂತನ ಕಥೆಯಾಗುತ್ತಿತ್ತು. ಬ್ರಿಸ್ಬೇನಿನ ತರುವಾಯ ಅವರು ತಾಯ್ನಾಡಿನ ನೆಲದಲ್ಲಿ ಟೆಸ್ಟ್ ಪಂದ್ಯವನ್ನಾಡಿದ್ದು ಮೂರು ವರ್ಷಗಳ ಮೇಲೆ, ೧೯೯೪ರ ನವೆಂಬರಿನಲ್ಲಿ. ಹೊರನಾಡುಗಳಿಗೆ ಹೋದಾಗ ಅವರು ಬೇಕು. ಇಲ್ಲಿಯ ತಿರುಗುವ ಪಿಚ್ಚುಗಳಲ್ಲಿ ಕಪಿಲ್ ದೇವರೂ ಪ್ರಭಾಕರರೂ ಇರುವಾಗ ಮೂರನೆಯ ವೇಗಿಗೆ ಎಡೆಯಿಲ್ಲ. ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ ವಯಸ್ಸು ವೇಗದ ಬೌಲರನಿಗೆ ಮೈಯಲ್ಲಿ ಕಸುವು ತುಂಬಿರುವ ಕಾಲ. ಆ ಕಾಲದ ಬಹುಭಾಗವನ್ನು ಅವರು ಪೆವಿಲಿಯನ್ನಿನಲ್ಲಿ ಕುಳಿತು ಕಳೆದರು. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಅವರನ್ನು ಕೂರಿಸಿದರೇ ಹೊರತು ಕೈಬಿಡಲಿಲ್ಲ.

ವೇಗದ ಬೌಲಿಂಗೆಂದರೆ ಎಂಥ ಕೆಲಸವೆಂಬುದನ್ನು ಆಟದ ಪರಿಚಯವಿಲ್ಲದ ಗೃಹಿಣಿಯರಿಗಾಗಿ ಎರಡು ಮಾತಿನಲ್ಲಿ ಹೇಳುವೆವು. ಪಿಚ್ಚಿನ ಉದ್ದ ೨೨ ಗಜ. ಗಂಟೆಗೆ ೧೫೦ ಕಿಲೋಮೀಟರಿನ ವೇಗದಲ್ಲಿ ಎಸೆದ ಚೆಂಡು ಅರ್ಧ ಸೆಕೆಂಡಿನೊಳಗಾಗಿ ಆ ದೂರವನ್ನು ದಾಟಿ ಬ್ಯಾಟು ಹಿಡಿದವನ ಮುಂದಿರುತ್ತದೆ. ಇದಕ್ಕಾಗಿ ಬೌಲರನು ದೂರದಿಂದ ಓಡಿಬಂದು, ನೆಲದಿಂದ ನೆಗೆದು, ಮೈಯ ಭಾರವನ್ನೆಲ್ಲ ಒಂದೇ ಮುಂಗಾಲಿನ ಮೇಲೆ ಹೊರಿಸಿ, ಸೊಂಟವನ್ನು ತಿರುಚಿ ತೋಳನ್ನು ಬೀಸಬೇಕು. ಹೀಗೆ ದಿನಕ್ಕೆ ನೂರಕ್ಕೂ ಮಿಕ್ಕ ಸಲ. ಮಂಡಿ, ಬೆನ್ನು, ಭುಜಗಳು ಈ ಕಂದಾಯವನ್ನು ತೆರದೆ ಬಿಡುವಂತಿಲ್ಲ. ಶ್ರೀನಾಥರೇ ೧೯೯೭ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಆಟವನ್ನು ಬಿಟ್ಟಿರಬೇಕಾಯಿತು.

ಇನ್ನು ಎರಡನೆಯವರು. ಡೇವಿಡ್ ಜೂಡ್ ಜಾನ್ಸನ್ನರು ೧೯೭೧ನೆಯ ಅಕ್ಟೋಬರ್ ೧೬ರಂದು ಅರಸೀಕೆರೆಯಲ್ಲಿ ಹುಟ್ಟಿದರು. ಗೆಳೆಯರಿಗೆಲ್ಲ ಅವರು ಬೆನ್ನಿ. ಅರಸೀಕೆರೆಯು ರೈಲುಗಳು ಕೂಡುವ ಜಂಕ್ಷನ್ನು. ನಮ್ಮ ಕಡೆಯ ಹುಡುಗನು ದೊಡ್ಡ ಆಟಗಾರನಾಗಬೇಕಾದರೆ ಅಂದು ಮೈಸೂರು ಇಲ್ಲವೆ ಬೆಂಗಳೂರಿನ ರೈಲನ್ನು ಹತ್ತದೆ ಗತ್ಯಂತರವಿರಲಿಲ್ಲ. ಜಾನ್ಸನ್ನರ ಆಟವೂ ಕುದುರಿದ್ದು ಬೆಂಗಳೂರಿನಲ್ಲಿಯೇ.

ಅವರು ಕರ್ನಾಟಕದ ತಂಡವನ್ನು ಸೇರಿದ್ದು ೧೯೯೨-೯೩ರಲ್ಲಿ. ಎಂಥ ತಂಡವದು! ಶ್ರೀನಾಥ, ವೆಂಕಟೇಶ ಪ್ರಸಾದ, ಅನಿಲ್ ಕುಂಬ್ಳೆ, ಸುನಿಲ್ ಜೋಶಿ, ಇವರೆಲ್ಲ ಒಂದೇ ಮನೆಯವರು. ಬೇರೆ ಪ್ರಾಂತದಲ್ಲಾಗಿದ್ದರೆ ಹೊಸ ಚೆಂಡು ಮೊದಲು ಜಾನ್ಸನ್ನರ ಕೈಗೇ ಬರುತ್ತಿತ್ತೇನೋ; ಇಲ್ಲಿ ಹಿರಿಯರು ದೇಶದ ಕರೆಯ ಮೇಲೆ ಹೊರಗೆ ಹೋದಾಗ ಸರದಿ ಬರುತ್ತಿತ್ತು. ಅದನ್ನು ಅವರು ವ್ಯರ್ಥಮಾಡಲಿಲ್ಲ. ೧೯೯೫-೯೬ರ ರಣಜಿಯಲ್ಲಿ ಕೇರಳದ ಎದುರು ಒಂದೇ ಪಂದ್ಯದಲ್ಲಿ ೧೫೨ ಓಟಗಳಿಗೆ ೧೦ ವಿಕೆಟ್ಟುಗಳನ್ನು ಪಡೆದರು. ಅದೇ ವರ್ಷ ಕರ್ನಾಟಕವು ರಣಜಿ ಕಪ್ಪನ್ನೂ ಗೆದ್ದುಕೊಂಡಿತು. ಆಯ್ಕೆಗಾರರ ಕಣ್ಣು ಇತ್ತ ತಿರುಗಲು ಇನ್ನೇನು ಬೇಕು?

೧೯೯೬ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದವರು ದಿಲ್ಲಿಗೆ ಬಂದರು. ಬಾರ್ಡರ್-ಗಾವಸ್ಕರ್ ಹೆಸರಿನ ಕಪ್ಪಿಗಾಗಿ ನಡೆದ ಮೊಟ್ಟಮೊದಲ ಪಂದ್ಯವದು. ಟೆಸ್ಟಿನಲ್ಲಿ ತೆಂಡೂಲ್ಕರರ ನಾಯಕತ್ವಕ್ಕೂ ಅದೇ ಮೊದಲು. ಶ್ರೀನಾಥರಿಗೆ ಗಾಯವಾಗಿತ್ತು. ಅವರ ಸ್ಥಾನಕ್ಕೆ ಜಾನ್ಸನ್ನರನ್ನು ತೆಗೆದುಕೊಂಡರು. ಜಾವಗಲ್ಲಿನ ಹೆಸರಿನವರು ಬಿಟ್ಟ ಜಾಗವನ್ನು ಅದೇ ತಾಲ್ಲೂಕಿನ ಅರಸೀಕೆರೆಯಲ್ಲಿ ಹುಟ್ಟಿದವರು ತುಂಬಿದರು! ಹನ್ನೊಂದು ಮಂದಿಯಲ್ಲಿ ಕರ್ನಾಟಕದವರೇ ಐವರು: ದ್ರಾವಿಡ, ಕುಂಬ್ಳೆ, ಪ್ರಸಾದ, ಜೋಶಿ, ಜಾನ್ಸನ್. ಆ ತಿಂಗಳು ದಿಲ್ಲಿಯ ಪ್ರಧಾನಮಂತ್ರಿಯ ಗಾದಿಯಲ್ಲಿದ್ದವರೂ ಹೊಳೇನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು. ಹಾಸನದವರು ದಿಲ್ಲಿಯ ವರ್ತಮಾನವನ್ನು ಅಷ್ಟು ಅಕ್ಕರೆಯಿಂದ ಓದಿದ ಕಾಲ ಇನ್ನೊಂದಿರಲಾರದು.

ಜಾನ್ಸನ್ನರಿಗೆ ಇಪ್ಪತ್ತೈದು ತುಂಬಲು ಇನ್ನೂ ಕೆಲವು ದಿನಗಳಿದ್ದುವು. ಅವರ ಚೆಂಡಿಗೆ ಬ್ಯಾಟು ತಾಕಿಸಿದ ಮೈಕೆಲ್ ಸ್ಲೇಟರರನ್ನು ಸ್ಲಿಪ್ಪಿನಲ್ಲಿದ್ದ ಅಜರುದ್ದೀನರು ಹಿಡಿದರು. ಆ ಪಂದ್ಯದಲ್ಲಿ ಜಾನ್ಸನ್ನರ ಚೆಂಡು ಗಂಟೆಗೆ ೧೫೭.೮ ಕಿಲೋಮೀಟರ್ ವೇಗವನ್ನು ಮುಟ್ಟಿತೆಂದು ಪತ್ರಿಕೆಗಳು ಬರೆದುವು. ಅಂದಿನ ಅಳತೆಯ ಯಂತ್ರಗಳನ್ನು ಇಂದಿನವುಗಳ ಸಮಕ್ಕೆ ನಂಬುವುದು ಸಲ್ಲದಾದರೂ, ಅವರು ಬಹಳ ವೇಗದವರೆಂಬುದನ್ನು ಜೊತೆಯಲ್ಲಿ ಆಡಿದವರು ಯಾರೂ ಅಲ್ಲಗಳೆದಿಲ್ಲ. ಭಾರತವು ಏಳು ವಿಕೆಟ್ಟುಗಳಿಂದ ಗೆದ್ದಿತು.

ಅದೇ ಡಿಸೆಂಬರಿನಲ್ಲಿ ಅವರು ತಂಡದೊಡನೆ ದಕ್ಷಿಣ ಆಫ್ರಿಕಕ್ಕೆ ಹೋದರು. ಡರ್ಬನ್ನಿನ ಮೊದಲ ಟೆಸ್ಟಿನಲ್ಲಿ ಗಿಬ್ಸ್ ಮತ್ತು ಮ್ಯಾಕ್‌ಮಿಲನ್ ಇಬ್ಬರ ವಿಕೆಟ್ಟುಗಳು ಅವರಿಗೆ ದೊರೆತುವು. ಆದರೆ ಚೆಂಡು ಹದ್ದಿನಲ್ಲಿರಲಿಲ್ಲ. ವೇಗವಿತ್ತು, ಗುರಿ ತಪ್ಪುತ್ತಿತ್ತು, ಓಟಗಳು ಸೋರಿದುವು. ಭಾರತದ ಬ್ಯಾಟುಗಾರರು ಮೊದಲು ೧೦೦ಕ್ಕೂ ಮರಳಿ ೬೬ಕ್ಕೂ ಉರುಳಿದರು. ಪಂದ್ಯವು ೩೨೮ ಓಟಗಳಿಂದ ಕೈಬಿಟ್ಟಿತು. ಮುಂದಿನ ಟೆಸ್ಟಿನ ಹನ್ನೊಂದು ಮಂದಿಯಲ್ಲಿ ಜಾನ್ಸನ್ನರ ಹೆಸರಿರಲಿಲ್ಲ. ಆ ಬಳಿಕ ಎಂದಿಗೂ ಇರಲಿಲ್ಲ.

ಎರಡು ಟೆಸ್ಟು, ಮೂರು ವಿಕೆಟ್ಟು. ಇದು ನ್ಯಾಯವೇ ಎಂದು ನಮ್ಮನ್ನು ಕೇಳಿದರೆ ಅಲ್ಲವೆಂದೇ ಹೇಳುವೆವು. ಅವರು ಡರ್ಬನ್ನಿನಲ್ಲಿ ಚೆನ್ನಾಗಿ ಎಸೆಯಲಿಲ್ಲವೆಂಬುದು ದಿಟ. ಆದರೆ ೬೬ಕ್ಕೆ ಉರುಳಿದವರಲ್ಲಿ ಹಲವರಿಗೆ ಮತ್ತೆ ಮತ್ತೆ ಅವಕಾಶ ಸಿಕ್ಕಿತಷ್ಟೆ. ವೇಗವೆಂಬುದು ಹುಟ್ಟಿನಿಂದ ಬರಬೇಕು, ಗುರಿಯನ್ನು ಕಲಿಸಬಹುದು. ನಮ್ಮ ದೇಶದಲ್ಲಿ ವೇಗವುಳ್ಳ ತೋಳುಗಳು ಆಗ ಎಷ್ಟಿದ್ದುವು? ಕಲಿಸುವ ತಾಳ್ಮೆ ಇದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಸುಲಭ. ಊಹೆಯಿಂದ ಒಲೆಯ ಮೇಲೆ ಅನ್ನ ಬೇಯುವುದಿಲ್ಲ. ಆ ಕಾಲದಲ್ಲಿ ದೇಶಕ್ಕಾಗಿ ಆಡಿದರೆ ಆಡಿದ ಪಂದ್ಯಕ್ಕೆ ಸಂಭಾವನೆ. ಆರಿಸದಿದ್ದರೆ ಅದೂ ಇಲ್ಲ.

ಜಾನ್ಸನ್ನರು ಮುನಿದು ಆಟವನ್ನು ಬಿಡಲಿಲ್ಲ. ಕರ್ನಾಟಕಕ್ಕಾಗಿ ೨೦೦೧-೦೨ರವರೆಗೆ ಎಸೆದರು. ಮೊದಲ ದರ್ಜೆಯ ೩೯ ಪಂದ್ಯಗಳಲ್ಲಿ ೧೨೫ ವಿಕೆಟ್ಟುಗಳು ಅವರ ಲೆಕ್ಕಕ್ಕಿವೆ. ಯಾವ ಬೌಲರನೂ ನಾಚಬೇಕಾದ ಲೆಕ್ಕವಲ್ಲ ಅದು. ಶ್ರೀನಾಥರು ಭುಜದ ಗಾಯವನ್ನು ಗೆದ್ದು ಮರಳಿ ಬಂದು, ೨೦೦೩ರ ವಿಶ್ವಕಪ್ಪಿನವರೆಗೂ ಆಡಿ, ಟೆಸ್ಟಿನಲ್ಲಿ ೨೩೬, ಒಂದು ದಿನದ ಪಂದ್ಯಗಳಲ್ಲಿ ೩೧೫ ವಿಕೆಟ್ಟುಗಳೊಡನೆ ನಿವೃತ್ತರಾದರು; ೨೦೦೬ರಿಂದ ಪಂದ್ಯದ ರೆಫರಿಯಾಗಿ ಕೆಲಸಮಾಡತೊಡಗಿದರು.

ಜಾನ್ಸನ್ನರು ೨೦೨೪ನೆಯ ಜೂನ್ ೨೦ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು ಐವತ್ತೆರಡು. ಮರುದಿನದ ಪತ್ರಿಕೆಗಳಲ್ಲಿ ದಿಲ್ಲಿಯ ಆ ಪಂದ್ಯದ ಮಾತು ಮತ್ತೆ ಬಂದಿತು: ಸ್ಲೇಟರ್, ಹಿಡಿದವರು ಅಜರುದ್ದೀನ್, ಎಸೆದವರು ಜಾನ್ಸನ್.